ಸೇನಾಧಿಕಾರಿಯ ಸಹಿ ಇರುವ ಹಳೇ ಕಾಗದ: ಅಸಲಿಯೋ ಅಲ್ಲವೋ, ಮಳೆಗಾಲದಲ್ಲಿ ಉಳಿಸೋದು ಹೇಗೆ?

ಪ್ರಶ್ನೆ (ಕಾರವಾರ): ನಮಸ್ಕಾರ ಸರ್. ಮೇಜರ್ ರಾಮ ರಾಘೋಬ ರಾಣೆಯವರ ಸಹಿಯದ್ದು ಅಂತ ಟೈಪ್ ಮಾಡಿದ ಪತ್ರವೊಂದು ಮಾರಾಟಕ್ಕೆ ಬಂದಿದೆ. ತಾರೀಕು ಆಗಸ್ಟ್ 1949. ಸಹಿ ಕೆಳಗೆ ‘ಮೇಜರ್, ಪಿವಿಸಿ’ ಅಂತ ಇದೆ. ನಮ್ಮ ಚೆಂಡಿಯಾದವರು ಎಂಬ ಅಭಿಮಾನಕ್ಕೆ ತಗೊಳ್ಳೋಣ ಅಂತ. ಸಹಿ ತಾಳೆ ನೋಡೋಕೆ ಎಂತ ಮಾಡಬೇಕು?

ಉತ್ತರ (ಕಾಗದಪತ್ರ ಸಂರಕ್ಷಕ): ಸಹಿ ತಾಳೆ ನೋಡೋದು ಕೊನೆಯ ಕೆಲಸ. ಮೊದಲು ತಾರೀಕು ಮತ್ತು ಸಹಿಯ ಕೆಳಗಿನ ಸಾಲು ಓದಿ. ಜಮ್ಮು–ಕಾಶ್ಮೀರದ ನೌಶೇರಾ–ರಾಜೌರಿ ದಾರಿಯ ಮೈನ್ (ನೆಲಬಾಂಬು) ತೆಗೆದ 1948ರ ಏಪ್ರಿಲ್‌ನಲ್ಲಿ ರಾಣೆಯವರು 37ನೇ ಅಸಾಲ್ಟ್ ಫೀಲ್ಡ್ ಕಂಪನಿಯಲ್ಲಿ ಸೆಕೆಂಡ್ ಲೆಫ್ಟಿನೆಂಟ್. ಒಂದೂವರೆ ವರ್ಷದೊಳಗೆ ಮೇಜರ್ ಅನ್ನೋದೇ ಅನುಮಾನ. ಅದಕ್ಕಿಂತ ದೊಡ್ಡ ತೊಡಕು ಪಿವಿಸಿ. ಪಿವಿಸಿ ಅಂದರೆ ಪರಮವೀರ ಚಕ್ರ, ಅದು ಸ್ಥಾಪನೆಯಾದದ್ದು 26 ಜನವರಿ 1950ರಂದು. 1947ರ ಆಗಸ್ಟ್ 15ರಿಂದ ಅನ್ವಯ ಆಗುವಂತೆ ಹಿಂದಿನ ತಾರೀಕು ಕೊಟ್ಟರು ಅಷ್ಟೆ. 1949ರಲ್ಲಿ ಆ ಮೂರಕ್ಷರವನ್ನು ಹೆಸರಿನ ಮುಂದೆ ಬರೆಯೋದಕ್ಕೆ ಆ ಪದಕವೇ ಇರಲಿಲ್ಲ. ಬಿಟ್ಟುಬಿಡಿ.

ಉಳಿದ ಹೆಸರುಗಳಿಗೂ ಇದೇ ಲೆಕ್ಕ. ಕಾರಿಯಪ್ಪನವರು 15 ಜನವರಿ 1949ಕ್ಕೆ ಮಹಾದಂಡನಾಯಕರಾದರು, ಫೀಲ್ಡ್ ಮಾರ್ಷಲ್ ಆದದ್ದು 1986ರಲ್ಲಿ. ಐವತ್ತರ ದಶಕದ ಪತ್ರದಲ್ಲಿ ‘ಫೀಲ್ಡ್ ಮಾರ್ಷಲ್’ ಕಂಡರೆ ಮುಂದೆ ನೋಡೋದೇ ಬೇಡ. ಜನರಲ್ ತಿಮ್ಮಯ್ಯನವರು ಸೈಪ್ರಸ್‌ನಲ್ಲಿ ತೀರಿಕೊಂಡದ್ದು 18 ಡಿಸೆಂಬರ್ 1965, ಅದರ ಈಚಿನ ತಾರೀಕಿನ ಪತ್ರದಲ್ಲಿ ಅವರ ಸಹಿ ಇರೋಕೆ ಸಾಧ್ಯವಿಲ್ಲ. ಲೆಟರ್‌ಹೆಡ್ ಕೂಡ ಬಾಯಿ ಬಿಡುತ್ತದೆ: ಪಿನ್‌ಕೋಡ್ ಬಂದದ್ದು 15 ಆಗಸ್ಟ್ 1972ಕ್ಕೆ, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1 ನವೆಂಬರ್ 1973ಕ್ಕೆ. 1956ರ ನವೆಂಬರ್‌ಗಿಂತ ಮೊದಲಿನ ಕಾರವಾರದ ವಿಳಾಸದಲ್ಲಿ ಮೈಸೂರು ರಾಜ್ಯ ಅಂತ ಇದ್ದರೂ ತಪ್ಪೇ, ಆಗ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಸಂಬಳದ ರಸೀದಿಗೆ ಅಂಟಿಸಿದ ರೆವಿನ್ಯೂ ಸ್ಟಾಂಪಿನಲ್ಲಿ ನಯಾ ಪೈಸೆ ಇದ್ದರೆ ಅದು 1 ಏಪ್ರಿಲ್ 1957ರ ಈಚಿನದು.

ಸೇರ್ಪಡೆ (ನಿವೃತ್ತ ಸುಬೇದಾರ್, ಕ್ಲರ್ಕ್ ವಿಭಾಗ): ಇನ್ನೆರಡು ವಿಷಯ. ಹೆಸರಿನ ಜಾಗದಲ್ಲಿ ‘ಎಸ್‌ಡಿ/-’ ಅಂತ ಟೈಪ್ ಆಗಿದ್ದರೆ ಅದು ಪ್ರತಿ. ಮೂಲದಲ್ಲಿ ಸಹಿ ಇತ್ತು ಅಂತ ಹೇಳೋ ಗುರುತು, ಸಹಿ ಅಲ್ಲ. ಅದರ ಕೆಳಗೆ ‘ನಿಜಪ್ರತಿ’ ಅಂತ ಬರೆದು ಯಾರೋ ಕ್ಯಾಪ್ಟನ್ ಶಾಯಿಯಲ್ಲಿ ಸಹಿ ಹಾಕಿದ್ದರೆ ನಿಮಗೆ ಸಿಗೋದು ಆ ಕ್ಯಾಪ್ಟನ್‌ನ ಸಹಿ. ಹಾಗೇ ಕಮಾಂಡೆಂಟ್ ಹೆಸರಿನ ಹಿಂದೆ ‘ಫಾರ್’ ಇದ್ದರೆ ಹಾಕಿದವರು ಅಡ್ಜುಟೆಂಟೋ (ಕಮಾಂಡೆಂಟರ ಸಹಾಯಕ ಅಧಿಕಾರಿ) ಇನ್ನೊಬ್ಬರೋ.

ಎರಡನೆಯದು, ಮುದ್ರಿತ ಫಾರಂ ಆದರೆ ಕೆಳ ಅಂಚಿನ ಸಣ್ಣ ಅಕ್ಷರ ಓದಿ. ‘ಎಂಜಿಐಪಿಸಿ’ ಅಂದರೆ ಕಲ್ಕತ್ತದ ಸರ್ಕಾರಿ ಪ್ರೆಸ್. ಅದರ ಮುಂದೆ ಅಚ್ಚಾದ ತಾರೀಕು, ಎಷ್ಟು ಪ್ರತಿ ಅನ್ನೋದು ಇರ್ತದೆ. 1943ರಲ್ಲಿ ಅಚ್ಚಾದ ಫಾರಮ್ಮಿನ ಮೇಲೆ 1941ರ ಸಹಿ ಕೂರೋದಿಲ್ಲ. ಹಳೇ ದಾಸ್ತಾನು ಮುಗಿಸೋ ಪದ್ಧತಿ ಇದ್ದದ್ದರಿಂದ 1943ರ ಫಾರಂ 1948ರಲ್ಲಿ ಬಳಸಿದ್ದರೆ ಅನುಮಾನ ಬೇಡ.

ಪ್ರಶ್ನೆ (ಶಿರಸಿ): ಅಟ್ಟದ ಪೆಟ್ಟಿಗೆಯಲ್ಲಿ 1 ಮಾರ್ಚ್ 1919ರ ಪ್ರಶಸ್ತಿಪತ್ರ ಸಿಕ್ಕಿತು. ಮರಾಠಾ ಪಲ್ಟನ್ನಿನ ಜಮಾದಾರರೊಬ್ಬರ ಹೆಸರು, ಕೆಳಗೆ ವಿನ್‌ಸ್ಟನ್ ಚರ್ಚಿಲ್ ಸಹಿ! ಬಹಳ ಬೆಲೆ ಬಾಳ್ತದಾ?

ಉತ್ತರ (ಸಂರಕ್ಷಕ): ಪತ್ರ ಅಸಲಿ ಇರಬಹುದು, ಸಹಿ ಅಚ್ಚಿನದು. ಯುದ್ಧವರದಿಗಳಲ್ಲಿ ಹೆಸರು ಉಲ್ಲೇಖವಾದವರಿಗೆಲ್ಲ ಯುದ್ಧಮಂತ್ರಿ ಚರ್ಚಿಲ್‌ರ ಮುದ್ರಿತ ಸಹಿಯ ಇಂಥದೇ ಪತ್ರ ಹೋಗಿತ್ತು. ಬೆಲೆ ಇರೋದು ಜಮಾದಾರರ ಹೆಸರು, ಪಲ್ಟನ್ನಿನ ಸಂಖ್ಯೆಗೆ. 103, 110, 117 ಈ ಮೂರೂ ಮೆಸೊಪೊಟೇಮಿಯಾದ (ಈಗಿನ ಇರಾಕ್) ಕೂತ್ ಊರಿನ ಮುತ್ತಿಗೆಯಲ್ಲಿದ್ದ ಮರಾಠಾ ಪಲ್ಟನ್‌ಗಳು. 1922ರ ಮರುಸಂಘಟನೆಯಲ್ಲಿ ಇವು 5ನೇ ಮರಾಠಾ ಲೈಟ್ ಇನ್‌ಫೆಂಟ್ರಿಯ ಬೆಟಾಲಿಯನ್‌ಗಳಾದವು, 103 ಹೋಗಿ 1ನೇ ಬೆಟಾಲಿಯನ್ ಆಯಿತು. ಮೊದಲ ಮಹಾಯುದ್ಧದ ಕಾಗದದಲ್ಲಿ ‘1/5’ ಅಂತ ಕಂಡರೆ ಆಮೇಲೆ ತಯಾರಾದದ್ದು.

ಶಾಯಿ ಸಹಿಯನ್ನು ಗುರುತಿಸೋಕೆ 10 ಪಟ್ಟಿನ ಭೂತಗನ್ನಡಿ ಸಾಕು. ನಿಬ್ಬಿನ ಸಹಿಯಲ್ಲಿ ಗೆರೆ ದಪ್ಪ–ಸಪೂರ ಆಗ್ತದೆ, ಗೆರೆ ಗೆರೆ ದಾಟುವಲ್ಲಿ ಶಾಯಿ ಗಾಢವಾಗ್ತದೆ, ಕಾಗದದ ನಾರಿಗುಂಟ ಸ್ವಲ್ಪ ಹರಿದಿರ್ತದೆ. ಅಚ್ಚಿನದರಲ್ಲಿ ಎಲ್ಲ ಕಡೆ ಒಂದೇ ಬಣ್ಣ. ರಬ್ಬರ್ ಮೊಹರಿನ ಸಹಿಯಲ್ಲಿ ಅಂಚಿಗೆ ಶಾಯಿ ಒತ್ತರಿಸಿ ನಡುವೆ ತೆಳು. ಇಂಕ್‌ಜೆಟ್ ಆದರೆ ಸಣ್ಣ ಬಣ್ಣದ ಚುಕ್ಕೆಗಳು. ಕೋಣೆ ಕತ್ತಲು ಮಾಡಿ ಟಾರ್ಚನ್ನು ಕಾಗದಕ್ಕೆ ಅಡ್ಡಡ್ಡಲಾಗಿ ಹಿಡಿದರೆ ನಿಬ್ಬು ಒತ್ತಿದ ಗೀರು ಕಾಣ್ತದೆ. ಆಮೇಲೆ 365 ನ್ಯಾನೊಮೀಟರಿನ ಯುವಿ ಟಾರ್ಚ್: ಕಾಗದ ನೀಲಿ–ಬಿಳಿಯಾಗಿ ಬೆಳಗಿದರೆ ಅದರಲ್ಲಿ ಹೊಳಪುಕಾರಕ ಇದೆ, ಅದು ಸುಮಾರು 1950ರ ಈಚಿನ ಕಾಗದ. ಎರಡನೇ ಮಹಾಯುದ್ಧದ ಮೊದಲಿನ ಕಾಗದಕ್ಕೆ ಬಾಲ್‌ಪೆನ್ ಸಹಿ ಇದ್ದರಂತೂ ಯಾವ ಟಾರ್ಚೂ ಬೇಡ.

ಪ್ರಶ್ನೆ (ಕುಮಟಾ): ನನ್ನ ಹತ್ತಿರ ಕಂಪನಿ ಕಾಲದ ಕೈಬರಹದ ಪತ್ರ ಇದೆ, 1845ರದ್ದು. ಬೆಳಕಿಗೆ ಹಿಡಿದರೆ ನೀರಚ್ಚಿನಲ್ಲಿ 1851 ಕಾಣ್ತದೆ. ನಕಲಿಯಾ?

ಉತ್ತರ (ಸಂರಕ್ಷಕ): ಮೋಸ ಅಂತ ತೀರ್ಮಾನಿಸಬೇಡಿ. ಕಚೇರಿಯ ಕಾರಕೂನರು ಹಳೇ ಪತ್ರಗಳನ್ನು ಮತ್ತೆ ಬರೆದಿಡೋದು ರೂಢಿ ಇತ್ತು. ಪತ್ರದ ಒಕ್ಕಣೆ, ಸಹಿ ಎರಡೂ ಒಂದೇ ಕೈಯವಾದರೆ ಅದು ಪ್ರತಿಯೇ. ಚರಿತ್ರೆಗೆ ಉಪಯೋಗ ಇದೆ, ಸಹಿಸಂಗ್ರಹಕ್ಕೆ ಇಲ್ಲ. ಮೂಲ ಹುಡುಕೋದಾದರೆ ನೆನಪಿಡಿ, 1862ರವರೆಗೆ ನಮ್ಮ ಜಿಲ್ಲೆ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು. ಆ ಕಾಲದ್ದು ಚೆನ್ನೈನ ತಮಿಳುನಾಡು ಪತ್ರಾಗಾರದಲ್ಲಿ, ಆಮೇಲಿನದು ಮುಂಬೈನ ಮಹಾರಾಷ್ಟ್ರ ಪತ್ರಾಗಾರದಲ್ಲಿ ಹುಡುಕಬೇಕು. ಬೆಂಗಳೂರಿಗೆ ಹೋಗಿ ಬರಿಗೈಲಿ ಬರುವವರೇ ಜಾಸ್ತಿ. ಅಧಿಕಾರಿಯ ಸೇವಾ ವಿವರಕ್ಕೆ ಆಯಾ ವರ್ಷದ ಆರ್ಮಿ ಲಿಸ್ಟ್ (ಸೇನಾಧಿಕಾರಿಗಳ ಅಚ್ಚಾದ ಪಟ್ಟಿ) ನೋಡಿ. ಕಾರವಾರದ ಇಂಗ್ಲಿಷ್ ಕಾಗುಣಿತ ಹಳೇ ಪತ್ರಗಳಲ್ಲಿ ‘ಸಿ’ಯಿಂದ ಶುರುವಾಗ್ತದೆ, ಹುಡುಕುವಾಗ ಎರಡೂ ಹಾಕಿ.

ಪ್ರಶ್ನೆ (ಅಂಕೋಲಾ): ಅಜ್ಜನ ಸೇನೆಯ ಡಿಸ್ಚಾರ್ಜ್ ಬುಕ್ಕು, ನಾಲ್ಕಾರು ಪತ್ರ ಇವೆ. ಮಳೆಗಾಲದಲ್ಲಿ ಬೂಸ್ಲು ಬರ್ತದೆ. ಲ್ಯಾಮಿನೇಶನ್ ಮಾಡಿಸಲಾ?

ಉತ್ತರ (ಸಂರಕ್ಷಕ): ಬೇಡವೇ ಬೇಡ ಅಕ್ಕ. ಬಿಸಿಗೆ ಅಂಟು ಕಾಗದದೊಳಗೆ ಇಳಿದುಬಿಡ್ತದೆ, ಆಮೇಲೆ ಬಿಡಿಸೋಕಾಗೋದಿಲ್ಲ. ಸೆಲೋಟೇಪೂ ಬೇಡ, ಕೆಲವು ವರ್ಷದಲ್ಲಿ ಟೇಪು ಉದುರಿ ಹಳದಿ ಕಲೆ ಉಳೀತದೆ.

ಬೂಸ್ಲಿಗೆ ಬೇಕಾದ್ದು ತೇವ. ಗಾಳಿಯ ಆರ್ದ್ರತೆ ಶೇ. 65 ದಾಟಿ ಕೆಲವು ದಿನ ನಿಂತರೆ ಬೆಳೀತದೆ, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಕೆಳಗೆ ಇಳಿಯೋದೇ ಅಪರೂಪ. ಹಾಗಾಗಿ ಮೇ ತಿಂಗಳ ಒಣ ದಿನ ನೋಡಿ ಕೆಲಸ ಮುಗಿಸಿ. ಮೊದಲು ಗುಂಡುಸೂಜಿ, ಸ್ಟೇಪಲ್ ತೆಗೀರಿ. ಉಪ್ಪುಗಾಳಿಗೆ ತುಕ್ಕು ಹಿಡಿದು ಅದೇ ಜಾಗದಲ್ಲಿ ಕಾಗದ ತೂತಾಗ್ತದೆ. ಎಳೀಬೇಡಿ. ತೆಳು ಪ್ಲಾಸ್ಟಿಕ್ ಪಟ್ಟಿಯನ್ನು ಸೂಜಿಯ ಕೆಳಗೆ ತೂರಿಸಿ, ಕಾಗದ ಬಚಾವಾಗುವ ಹಾಗೆ ಕಾಲು ಬಿಚ್ಚಿ. ಒಣ ಬೂಸ್ಲನ್ನು ಹೊರಗೆ, ಮಾಸ್ಕ್ ಹಾಕಿಕೊಂಡು, ಮೆತ್ತನೆ ಬ್ರಶ್‌ನಿಂದ ಒಂದೇ ದಿಕ್ಕಿಗೆ ಗುಡಿಸಿ. ಒದ್ದೆ ಬಟ್ಟೆ ಮುಟ್ಟಿಸಬೇಡಿ. ಆಗಿನ ಫೀಲ್ಡ್ ಪತ್ರಗಳಲ್ಲಿ ಎಷ್ಟೋ ಕಾಪಿಯಿಂಗ್ ಪೆನ್ಸಿಲಿನವು: ನೋಡೋಕೆ ಸೀಸದ ಹಾಗೇ, ಒಂದು ಹನಿ ನೀರು ಬಿದ್ದರೆ ನೇರಳೆ ಬಣ್ಣ ಹರಡಿ ಸಹಿ ಮುಗೀತು.

ಪ್ರತಿ ಹಾಳೆಗೂ 75ರಿಂದ 100 ಮೈಕ್ರಾನಿನ ಪಾಲಿಯೆಸ್ಟರ್ ಹೊದಿಕೆ, ಎರಡು ಬದಿ ತೆರೆದಿರಲಿ. ಸ್ಟೇಷನರಿ ಅಂಗಡಿಯ ಮೆತ್ತನೆ ಪಿವಿಸಿ ಪ್ಲಾಸ್ಟಿಕ್ ಕವರ್ ಅಕ್ಷರವನ್ನೇ ಎತ್ತಿಕೊಳ್ತದೆ. ಅನ್ನಭೇದಿ ಸೇರಿದ ಹಳೇ ಕಂದು ಶಾಯಿ ಕಾಗದವನ್ನು ತಿಂದಿದ್ದರೆ ಹೊದಿಕೆ ಬೇಡ, ಆಮ್ಲ ಇಲ್ಲದ ಕಾಗದದ ಮಡಿಕೆಯೊಳಗೆ ಮಲಗಿಸಿಡಿ. ಆಮೇಲೆ ರಬ್ಬರ್ ಬಳೆ ಇರುವ 20 ಲೀಟರಿನ ಬಿಗಿ ಡಬ್ಬ, ತಳದಲ್ಲಿ 200–250 ಗ್ರಾಂ ಸಿಲಿಕಾ ಜೆಲ್ ಬಟ್ಟೆ ಚೀಲದಲ್ಲಿ, ಒಳಗೊಂದು ಸಣ್ಣ ಹೈಗ್ರೋಮೀಟರ್ (ಆರ್ದ್ರತೆ ಅಳೆಯೋ ಮಾಪಕ). ಶೇ. 45–55 ಇರಲಿ. 40ಕ್ಕಿಂತ ಕೆಳಗಿಳಿದರೆ ಅರ್ಧ ಜೆಲ್ ತೆಗೀರಿ, ತೀರ ಒಣಗಿದ ಕಾಗದ ಮಡಚಿದಲ್ಲಿ ಸೀಳ್ತದೆ. ಜೆಲ್ ಬಣ್ಣ ಬದಲಾದಾಗ 120 ಡಿಗ್ರಿಯಲ್ಲಿ ಎರಡು–ಮೂರು ತಾಸು ಕಾಯಿಸಿ, ತಣಿದ ಮೇಲೆ ಮತ್ತೆ ಹಾಕಿ. ಮರದ ಪೆಟ್ಟಿಗೆ ಚಂದ ಕಾಣ್ತದೆ, ಆದರೆ ಆಮ್ಲದ ಆವಿ ಬಿಡ್ತದೆ.

ಮರುಪ್ರಶ್ನೆ (ಶಿರಸಿ): ನಮ್ಮಲ್ಲಿ ಬೂಸ್ಲಿಗಿಂತ ಹುಳದ ಕಾಟ. ನುಸಿಗುಳಿಗೆ ಸಾಕಲ್ದಾ?

ಉತ್ತರ (ಸಂರಕ್ಷಕ): ನುಸಿಗುಳಿಗೆ ಒಳಗಿನ ಮೊಟ್ಟೆ ಕೊಲ್ಲೋದಿಲ್ಲ. ಪಾಲಿಥಿನ್ ಚೀಲದಲ್ಲಿ ಗಾಳಿ ಹಿಂಡಿ ಕಟ್ಟಿ, ಮನೆಯ ಫ್ರೀಜರಿನಲ್ಲಿ ಮೈನಸ್ 18ರಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಪೂರ್ತಿ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಕಾಗದದ ಮೇಲೇ ನೀರು ಕೂರ್ತದೆ.

ಪ್ರಶ್ನೆ (ಕಾರವಾರ): ದುಬೈನಲ್ಲಿರೋ ಭಾವನವರು ಇಂಥ ಪತ್ರ ಕೊಳ್ತಾರೆ. ಅಂಚೆಯಲ್ಲಿ ಕಳಿಸಬಹುದಾ?

ಉತ್ತರ (ನಿವೃತ್ತ ಸುಬೇದಾರ್): 1972ರ ಪುರಾವಸ್ತು ಕಾಯ್ದೆ ಪ್ರಕಾರ ಚಾರಿತ್ರಿಕ ಮೌಲ್ಯದ ದಾಖಲೆಗೆ 75 ವರ್ಷ ತುಂಬಿದರೆ ಅದು ಪುರಾವಸ್ತು, ಖಾಸಗಿಯವರು ದೇಶದ ಹೊರಗೆ ಕಳಿಸುವ ಹಾಗಿಲ್ಲ. ಅದನ್ನು ಮಾರೋ ವ್ಯಾಪಾರಕ್ಕೂ ಪರವಾನಗಿ ಬೇಕು. ಕಚೇರಿ ಕಡತದಿಂದ ಹೊರಬಿದ್ದ ಹಾಳೆ ಆದರೆ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಬರ್ತದೆ. ಅನುಮತಿ ಇಲ್ಲದೆ ಹೊರದೇಶಕ್ಕೆ ಕಳಿಸಿದರೆ ಐದು ವರ್ಷದವರೆಗೆ ಜೈಲು, ಹತ್ತು ಸಾವಿರದವರೆಗೆ ದಂಡ ಅಥವಾ ಎರಡೂ. ಕಡತದ ಸಂಖ್ಯೆ, ಟ್ಯಾಗ್ ಹಾಕಿದ ತೂತು ಇರೋ ಹಾಳೆಯನ್ನು ಯಾರಾದರೂ ತಂದರೆ ಎಲ್ಲಿಂದ ಬಂತು ಅಂತ ಬರಹದಲ್ಲಿ ಕೇಳಿ, ಕೊಡದಿದ್ದರೆ ಕೊಳ್ಳಬೇಡಿ. ‘ರಹಸ್ಯ’ ಮೊಹರು ಇದ್ದದ್ದರ ಫೋಟೊ ಈ ಗುಂಪಿಗೂ ಹಾಕಬೇಡಿ.

ಅಂಕೋಲಾದ ಅಕ್ಕ, ನೀವು ಹಾಕಿದ ಡಿಸ್ಚಾರ್ಜ್ ಬುಕ್ಕಿನ ಫೋಟೊದಲ್ಲಿ ಅಜ್ಜನ ಪಿಂಚಣಿ ನಂಬರು ಕಾಣ್ತಾ ಇದೆ. ತೆಗೆದು, ಅದನ್ನು ಮುಚ್ಚಿ ಮತ್ತೆ ಹಾಕಿ.