ಫ್ಲಾಸ್ಕಿನಲ್ಲಿ ಲೀಶ್ಮೇನಿಯಾವನ್ನು ಕೊಂದ ಸಂಯುಕ್ತ ಮ್ಯಾಕ್ರೊಫೇಜ್ ಒಳಗೆ ಸೋತದ್ದೇಕೆ?

ಪ್ರಶ್ನೆ:
ಮಾನ್ಯರೇ, ನಾನು ಜೀವರಸಾಯನಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಕಾಲಾ ಅಜಾರ್ ರೋಗ ತರುವ ಪರೋಪಜೀವಿ ಲೀಶ್ಮೇನಿಯಾ ಡೊನೊವಾನಿಯ ಮೇಲೆ ಕೆಲವು ಹೊಸ ಸಂಯುಕ್ತಗಳನ್ನು ಪರೀಕ್ಷಿಸುತ್ತಿದ್ದೇನೆ. ಅವುಗಳಲ್ಲೊಂದು, ದ್ರವ ಮಾಧ್ಯಮದಲ್ಲಿ ಈಜಾಡುವ ಅದರ ರೂಪವಾದ ಪ್ರೋಮಾಸ್ಟಿಗೋಟ್‌ಗಳನ್ನು ಎರಡೇ ದಿನಗಳಲ್ಲಿ ಪೂರ್ತಿಯಾಗಿ ಕೊಂದಿತು. ಅದನ್ನೇ ಸೋಂಕು ತಗುಲಿಸಿದ ಮ್ಯಾಕ್ರೊಫೇಜ್‌ಗಳಿಗೆ (ರೋಗಾಣುಗಳನ್ನು ನುಂಗುವ ರಕ್ಷಕ ಕೋಶಗಳಿಗೆ) ಹಾಕಿ, ಗೀಮ್ಸಾ ಬಣ್ಣ ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಔಷಧ ಹಾಕದ ಸ್ಲೈಡಿನಲ್ಲಿದ್ದಷ್ಟೇ ಅಮಾಸ್ಟಿಗೋಟ್‌ಗಳು (ಕೋಶದೊಳಗೆ ಬದುಕುವ ರೂಪ) ಕೋಶಗಳೊಳಗೆ ಕಿಕ್ಕಿರಿದಿದ್ದವು. ತಪ್ಪು ನನ್ನ ಪ್ರಯೋಗದ್ದೇ, ಸಂಯುಕ್ತದ್ದೇ?

ಉತ್ತರ 1:
ಜೊತೆಗೆ, ಈ ರೋಗಕ್ಕೆ ಈಗಾಗಲೇ ಗೊತ್ತಿರುವ ಔಷಧವಾದ ಮಿಲ್ಟೆಫೋಸಿನ್ ಹಾಕಿದ ಸ್ಲೈಡನ್ನೂ ಇಟ್ಟಿದ್ದಿರಾ? ಅದರಲ್ಲೂ ಸಂಖ್ಯೆ ಇಳಿಯದಿದ್ದರೆ ತಪ್ಪು ಪ್ರಯೋಗದ್ದು. ಇಳಿದಿದ್ದರೆ ನಿಮ್ಮ ಫಲಿತಾಂಶವನ್ನು ನಂಬಿ.

ಪ್ರೋಮಾಸ್ಟಿಗೋಟ್ ಎಂಬುದು ಮರಳುನೊಣದ ಕರುಳಿನಲ್ಲಿರುವ ರೂಪ. ರೋಗಿಯ ದೇಹದಲ್ಲಿರುವುದು ಅಮಾಸ್ಟಿಗೋಟ್. ಅದನ್ನು ತಲುಪಲು ಔಷಧವು ಮ್ಯಾಕ್ರೊಫೇಜಿನ ಪೊರೆ, ಪರೋಪಜೀವಿ ಅಡಗಿರುವ ಕೋಶಕುಹರದ ಪೊರೆ, ಕೊನೆಗೆ ಪರೋಪಜೀವಿಯದೇ ಪೊರೆ, ಹೀಗೆ ಮೂರನ್ನೂ ದಾಟಬೇಕು, ಮೇಲಾಗಿ ಆ ಕುಹರದ ಆಮ್ಲೀಯ ವಾತಾವರಣದಲ್ಲಿಯೂ ತನ್ನ ಗುಣ ಉಳಿಸಿಕೊಳ್ಳಬೇಕು. ಇದಕ್ಕೆ ತಿರುವುಮುರುವಾದ ಪ್ರಸಂಗವೂ ಉಂಟು. ಹಲವು ದಶಕಗಳ ಕಾಲ ರೋಗಿಗಳಿಗೆ ಆಧಾರವಾಗಿದ್ದ ಸೋಡಿಯಂ ಸ್ಟಿಬೊಗ್ಲುಕೊನೇಟ್ ಪ್ರೋಮಾಸ್ಟಿಗೋಟ್‌ಗಳನ್ನು ಅಷ್ಟಾಗಿ ಬಾಧಿಸುವುದೇ ಇಲ್ಲ. ಅದರಲ್ಲಿರುವ ಐದು ವೇಲೆನ್ಸಿಯ ಆಂಟಿಮನಿ ದೇಹದೊಳಗೆ ಮೂರು ವೇಲೆನ್ಸಿಗೆ ಇಳಿದ ಮೇಲೆಯೇ ವಿಷವಾಗುತ್ತದೆ. ಫ್ಲಾಸ್ಕನ್ನಷ್ಟೇ ನೆಚ್ಚಿಕೊಂಡಿದ್ದರೆ ಆ ಔಷಧವನ್ನು ಮೊದಲ ದಿನವೇ ಬದಿಗಿಡುತ್ತಿದ್ದರು. ಆದ್ದರಿಂದ ಮೊದಲ ಜರಡಿಯೇ ಅಮಾಸ್ಟಿಗೋಟ್‌ಗಳ ಮೇಲೆ ನಡೆಯಬೇಕೆಂಬುದು ನನ್ನ ದೃಢ ಅಭಿಪ್ರಾಯ, ಅದಕ್ಕೆ ಶ್ರಮ ಎಷ್ಟೇ ಹೆಚ್ಚಾದರೂ.

ಉತ್ತರ 2:
ಮೇಲಿನ ಮಾತಿಗೆ ಆಫ್ರಿಕಾದ ನಿದ್ರಾರೋಗದ ಔಷಧ ಫೆಕ್ಸಿನಿಡಜೋಲ್ ಒಳ್ಳೆಯ ಸಾಕ್ಷಿ. 1980ರ ದಶಕದಲ್ಲಿ ಮೂಲೆ ಸೇರಿದ್ದ ಈ ಸಂಯುಕ್ತವನ್ನು 2005ರಲ್ಲಿ, ಕಡೆಗಣಿತ ರೋಗಗಳಿಗೆ ಔಷಧ ಹುಡುಕುವ ಡಿಎನ್‌ಡಿಐ ಸಂಸ್ಥೆ ಮತ್ತೆ ಹೊರತೆಗೆಯಿತು; 2018ರಲ್ಲಿ ಯುರೋಪಿನ ಔಷಧ ನಿಯಂತ್ರಕರ ಒಪ್ಪಿಗೆಯೂ ದೊರೆಯಿತು. ಹಿಂದೆ, ಚಿಕಿತ್ಸೆ ಪಡೆದ ಇಪ್ಪತ್ತು ಮಂದಿಯಲ್ಲಿ ಸುಮಾರು ಒಬ್ಬರ ಪ್ರಾಣವನ್ನೇ ತೆಗೆಯುತ್ತಿದ್ದ ಮೆಲಾರ್ಸೊಪ್ರೋಲ್ ಎಂಬ ಆರ್ಸೆನಿಕ್ ಚುಚ್ಚುಮದ್ದು ಕೊಡುತ್ತಿದ್ದ ರೋಗಕ್ಕೆ ಇಂದು ಹತ್ತು ದಿನಗಳ ಮಾತ್ರೆ ಇದೆಯೆಂಬುದು ಎಷ್ಟು ದೊಡ್ಡ ನೆಮ್ಮದಿ! ಆದರೆ ಅದೇ ಮಾತ್ರೆಯನ್ನು ಸೂಡಾನಿನಲ್ಲಿ ಕಾಲಾ ಅಜಾರ್ ರೋಗಿಗಳಿಗೆ ಕೊಟ್ಟು ನೋಡಿದಾಗ, ಮೊದಲು ಗುಣ ಕಂಡರೂ ರೋಗ ಮರುಕಳಿಸಿತು. ನಿದ್ರಾರೋಗದ ಪರೋಪಜೀವಿ ಟ್ರಿಪನೊಸೋಮಾ ರಕ್ತದಲ್ಲಿ ಬಯಲಾಗಿ ಈಜುತ್ತದೆ, ಲೀಶ್ಮೇನಿಯಾ ಕೋಶದೊಳಗೆ ಅಡಗುತ್ತದೆ. ಸೋಲಿಗೆ ಇದೊಂದೇ ಕಾರಣವೆನ್ನಲಾಗದು, ಆದರೂ ಕಡೆಗಣಿಸುವಂತಹದಲ್ಲ.

ಪ್ರಶ್ನೆ ಕೇಳಿದವರು:
ಮಿಲ್ಟೆಫೋಸಿನ್ ಸ್ಲೈಡಿನಲ್ಲಿ ಸಂಖ್ಯೆ ಚೆನ್ನಾಗಿಯೇ ಇಳಿದಿತ್ತು. ಹಾಗಾದರೆ ನನ್ನ ಸಂಯುಕ್ತದ ಪ್ರಮಾಣವನ್ನು ಹೆಚ್ಚಿಸಿ ನೋಡಲೇ?

ಉತ್ತರ 1:
ನೋಡಿ, ಆದರೆ ಸೋಂಕಿಲ್ಲದ ಮ್ಯಾಕ್ರೊಫೇಜ್‌ಗಳಿಗೂ ಅಷ್ಟೇ ಪ್ರಮಾಣ ಹಾಕಿ, ಅವು ಬದುಕುತ್ತವೆಯೇ ಎಂದು ಜೊತೆಯಲ್ಲೇ ಅಳೆಯಿರಿ. ಪರೋಪಜೀವಿಯದೂ ನಮ್ಮಂತೆಯೇ ಕೋಶಕೇಂದ್ರವುಳ್ಳ ಕೋಶ. ಮನೆಯನ್ನೇ ಕೆಡವುವ ಔಷಧದಿಂದಲೂ ಒಳಗಿನವುಗಳ ಸಂಖ್ಯೆ ಇಳಿದಂತೆ ಕಾಣುತ್ತದೆ. ನೂರು ಮ್ಯಾಕ್ರೊಫೇಜ್‌ಗಳಿಗೆ ಎಷ್ಟು ಅಮಾಸ್ಟಿಗೋಟ್‌ಗಳಿವೆ ಎಂದು ಎಣಿಸುವಾಗ, ಸ್ಲೈಡಿನಲ್ಲಿ ಮ್ಯಾಕ್ರೊಫೇಜ್‌ಗಳೇ ಎಷ್ಟು ಉಳಿದಿವೆ ಎಂಬುದನ್ನೂ ಬರೆದಿಟ್ಟುಕೊಳ್ಳಿ.