ಚಿಕ್ಕ ಮಿಲ್ಲಿಂಗ್ ಮೆಷಿನ್‌ಗೆ ಸಿಎನ್‌ಸಿ: ಮೋಟರ್, ಡ್ರೈವರ್, ಬೋರ್ಡ್ ಯಾವುದು?

ಪ್ರಶ್ನೆ: ನನ್ನ ಹತ್ರ ಎಕ್ಸ್2 ಸೈಜಿನ ಮಿಲ್ಲಿಂಗ್ ಮೆಷಿನ್ ಇದೆ, ಹ್ಯಾಂಡಲ್ ತಿರುಗಿಸಿ ಓಡಿಸುವಂಥದ್ದು. ಮೂರೂ ಆಕ್ಸಿಸ್‌ಗೆ ಮೋಟರ್ ಹಾಕಿ, ಕಂಪ್ಯೂಟರ್‌ನಿಂದ ಓಡಿಸಿ (ಸಿಎನ್‌ಸಿ) ಅಲ್ಯೂಮಿನಿಯಂ ಕಟ್ ಮಾಡಬೇಕು. ಓಡಿಸುವ ಸಾಫ್ಟ್‌ವೇರ್‌ಗಳಾದ ಜಿಆರ್‌ಬಿಎಲ್, ಮ್ಯಾಕ್3, ಲಿನಕ್ಸ್‌ಸಿಎನ್‌ಸಿ, ಇದರಲ್ಲಿ ಯಾವುದಕ್ಕೆ ಹೋಗಲಿ? ಮಾಡಿದವರು ದಯವಿಟ್ಟು ತಿಳಿಸಿ.

ಉತ್ತರ 1: ಸರ್, ಬೋರ್ಡ್ ವಿಷಯ ಕೊನೆಗೆ ನೋಡಿ. ಮೊದಲು ಟೇಬಲ್‌ಗೆ ಡಯಲ್ ಗೇಜ್ ಹಚ್ಚಿ. ಹ್ಯಾಂಡಲನ್ನು ಒಂದು ಕಡೆ ತಿರುಗಿಸಿ, ಆಮೇಲೆ ವಾಪಸ್ ತಿರುಗಿಸಿ. ಮುಳ್ಳು ಅಲ್ಲಾಡುವ ಮುಂಚೆ ಎಷ್ಟು ಖಾಲಿ ಓಡುತ್ತೆ ನೋಡಿ, ಅದೇ ಬ್ಯಾಕ್‌ಲ್ಯಾಶ್. ನನ್ನದರಲ್ಲಿ 0.25 ಮಿ.ಮೀ. ಇತ್ತು. ದುಂಡಗೆ ಕಟ್ ಮಾಡಿದರೆ ನಾಲ್ಕು ಕಡೆ ಮೆಟ್ಟಿಲು ಬೀಳುತ್ತಿತ್ತು. ಲಿನಕ್ಸ್‌ಸಿಎನ್‌ಸಿಯಲ್ಲಿ ಬ್ಯಾಕ್‌ಲ್ಯಾಶ್ ತುಂಬಿಕೊಡುವ ಸೆಟ್ಟಿಂಗ್ ಇದೆ ನಿಜ. ಆದರೆ ಕಟ್ಟರ್ ಟೇಬಲನ್ನೇ ತನ್ನ ಕಡೆ ಎಳೆದುಕೊಂಡಾಗ ಯಾವ ಸಾಫ್ಟ್‌ವೇರೂ ಹಿಡಿಯಲ್ಲ. 5 ಮಿ.ಮೀ. ಪಿಚ್‌ನ (ಒಂದು ಸುತ್ತಿಗೆ 5 ಮಿ.ಮೀ. ಸರಿಸುವ) ಬಾಲ್ ಸ್ಕ್ರೂ, ಅಂದ್ರೆ ನಟ್ ಒಳಗೆ ಗುಂಡುಗಳು ಉರುಳುವ ಸ್ಕ್ರೂ, ಹಾಕಿದ ಮೇಲೇ ಸರಿಹೋಯಿತು.

ಮೋಟರ್‌ಗೆ ನೆಮಾ 23 ಸೈಜಿನ ಸ್ಟೆಪ್ಪರ್ (ಪ್ರತಿ ಪಲ್ಸ್‌ಗೆ ಒಂದು ಸ್ಟೆಪ್ ತಿರುಗುವ ಮೋಟರ್) ಸಾಕು. ಲೇಬಲ್ ಮೇಲಿನ ಟಾರ್ಕ್ ನಿಂತಿರುವಾಗಿನದು, ಸ್ಪೀಡ್ ಏರಿದಂತೆ ಇಳಿಯುತ್ತೆ. ಸ್ಪೀಡ್‌ನಲ್ಲಿ ಅದನ್ನು ಉಳಿಸುವುದು ವೋಲ್ಟೇಜ್. ನಾನು ಶುರುವಿನಲ್ಲಿ 24 ವೋಲ್ಟ್ ಕೊಟ್ಟಿದ್ದೆ. ನಿಮಿಷಕ್ಕೆ 1200 ಮಿ.ಮೀ. ಫೀಡ್ (ಟೇಬಲ್ ಸರಿಯುವ ಸ್ಪೀಡ್) ದಾಟುತ್ತಿದ್ದ ಹಾಗೆ ವೈ ಆಕ್ಸಿಸ್ ನರಳಿ ಸ್ಟೆಪ್ ತಪ್ಪುತ್ತಿತ್ತು. ಅದೇ ಮೋಟರ್, ಅದೇ ಡ್ರೈವರ್ (ಮೋಟರ್‌ಗೆ ಕರೆಂಟ್ ಕೊಡುವ ಸರ್ಕ್ಯೂಟ್), 36 ವೋಲ್ಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ) ಹಾಕಿದೆ. ಈಗ 2500ರಲ್ಲೂ ಸಲೀಸು. ಮೋಟರ್ ಕೊಳ್ಳುವಾಗ ಇಂಡಕ್ಟೆನ್ಸ್ ಕಡಿಮೆ ಇರೋದನ್ನೇ ಕೇಳಿ ತಗೊಳ್ಳಿ. ಅದು ಎಷ್ಟು ಮಿಲಿಹೆನ್ರಿಯೋ ಅದರ ವರ್ಗಮೂಲ ತೆಗೆದು 32ರಿಂದ ಗುಣಿಸಿ, ಬಂದ ಸಂಖ್ಯೆಗಿಂತ ಹೆಚ್ಚು ವೋಲ್ಟ್ ಕೊಟ್ಟರೆ ಬರೀ ಬಿಸಿ. ಡ್ರೈವರ್ ಡಿಎಂ542 ತಗೊಳ್ಳಿ. ಅದರ ಮಿತಿ 50 ವೋಲ್ಟ್. ಮೋಟರ್ ಗಕ್ಕನೆ ನಿಂತಾಗ ಕರೆಂಟ್ ವಾಪಸ್ ತಳ್ಳುತ್ತೆ, ಹಾಗಾಗಿ 48 ಕೊಡಬೇಡಿ.

ಈಗ ಬೋರ್ಡ್. ಒಂದು ಸುತ್ತಿಗೆ 200 ಸ್ಟೆಪ್, ಡ್ರೈವರ್‌ನಲ್ಲಿ 8 ಮೈಕ್ರೋಸ್ಟೆಪ್ (ಒಂದು ಸ್ಟೆಪ್ಪನ್ನು 8 ಭಾಗ ಮಾಡುವುದು) ಇಟ್ಟರೆ 1600 ಪಲ್ಸ್. 5 ಮಿ.ಮೀ. ಪಿಚ್‌ಗೆ ಭಾಗಿಸಿದರೆ ಮಿ.ಮೀ.ಗೆ 320. ಆರ್ಡುಯಿನೋ ಊನೋ ಬೋರ್ಡ್ ಮೇಲಿನ ಜಿಆರ್‌ಬಿಎಲ್ ಸೆಕೆಂಡಿಗೆ ಸುಮಾರು 30,000 ಪಲ್ಸ್ ಕೊಡುತ್ತೆ, ಅಂದ್ರೆ ಸೆಕೆಂಡಿಗೆ 90 ಮಿ.ಮೀ.ಗೂ ಜಾಸ್ತಿ. ಅಷ್ಟರಲ್ಲಿ ನಿಮ್ಮ ಮೋಟರ್ರೇ ಸೋತಿರುತ್ತೆ. ಮೂರು ಆಕ್ಸಿಸ್‌ಗೆ ಧಾರಾಳ. ಮುಂದೆ ರಿಜಿಡ್ ಟ್ಯಾಪಿಂಗ್ (ಸ್ಪಿಂಡಲ್ ಸುತ್ತಿಗೆ ಝಡ್ ಹೊಂದಿಸಿ ತೂತಿಗೆ ಥ್ರೆಡ್ ಹಾಕುವುದು) ಬೇಕಾದರೆ ಲಿನಕ್ಸ್‌ಸಿಎನ್‌ಸಿ. ಮ್ಯಾಕ್3 ಪ್ಯಾರಲಲ್ ಪೋರ್ಟ್‌ಗೆ 32 ಬಿಟ್ ವಿಂಡೋಸೇ ಬೇಕು, ಈಗ ಹೊಸದಾಗಿ ಅದಕ್ಕೆ ಹೋಗಬೇಡಿ.

ಉತ್ತರ 2: ಮೇಲಿನವರು ಹೇಳಿದ್ದೆಲ್ಲ ಸರಿ. ವೈರಿಂಗ್ ಮಾತ್ರ ಹಗುರವಾಗಿ ತಗೋಬೇಡಿ. ನನ್ನ ಎರಡು ಡ್ರೈವರ್ ಸುಟ್ಟಿದ್ದು ಲೋಡ್‌ನಿಂದಲ್ಲ. ಮೆಷಿನ್ ಅದುರಿ ಅದುರಿ ಮೋಟರ್ ವೈರ್ ಸಡಿಲವಾಗಿ, ಪವರ್ ಇರುವಾಗಲೇ ಕಳಚಿತು. ತಿರುಗಿಸಿ ಲಾಕ್ ಮಾಡುವ ಜಿಎಕ್ಸ್16 ಕನೆಕ್ಟರ್ ಹಾಕಿ, ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸಿಗುತ್ತೆ. ಲಿಮಿಟ್ ಸ್ವಿಚ್‌ಗೆ (ಆಕ್ಸಿಸ್ ತುದಿ ಮುಟ್ಟಿದ್ದನ್ನು ತಿಳಿಸುವ ಸ್ವಿಚ್) ಶೀಲ್ಡ್ ಕೇಬಲ್ ಎಳೆದು, ಶೀಲ್ಡನ್ನು ಒಂದೇ ತುದಿಯಲ್ಲಿ ಅರ್ತ್ ಮಾಡಿ. ಇಲ್ಲದಿದ್ದರೆ ಸ್ಪಿಂಡಲ್ ಆನ್ ಆದಾಗೆಲ್ಲ ಸುಮ್ನೆ ಅಲಾರಂ ಹೊಡೆಯುತ್ತೆ.

ಉತ್ತರ 3: ಎಮರ್ಜೆನ್ಸಿ ಸ್ವಿಚ್ ಬೋರ್ಡ್‌ಗೆ ಸಿಗ್ನಲ್ ಕೊಟ್ಟರೆ ಸಾಲದು, ಸ್ಪಿಂಡಲ್ ಮತ್ತು ಡ್ರೈವರ್‌ಗಳ ಪವರ್ರೇ ಹೋಗಬೇಕು. ಆದರೆ ಝಡ್‌ಗೆ ಬಾಲ್ ಸ್ಕ್ರೂ ಹಾಕಿದರೆ ಪವರ್ ಹೋದ ತಕ್ಷಣ ಹೆಡ್ ತನ್ನ ಭಾರಕ್ಕೆ ಕೆಳಗಿಳಿಯುತ್ತೆ. ನನ್ನದು ಹಾಗೇ ಇಳಿದು 6 ಮಿ.ಮೀ. ಎಂಡ್ ಮಿಲ್ (ಕಟ್ಟರ್) ಜಾಬ್ ಒಳಗೇ ಮುರಿಯಿತು. ಗ್ಯಾಸ್ ಸ್ಪ್ರಿಂಗ್ ಹಾಕಿ ಹೆಡ್ ಭಾರ ಹೊರಿಸಿ, ಆಮೇಲೆ ಝಡ್ ಮೋಟರ್ ಸೈಜ್ ನಿರ್ಧರಿಸಿ.