ಪಕ್ಕದ ಸೈಟಿನ ಧೂಳು: ಮಗುವಿಗೆ ಎಷ್ಟು ಅಪಾಯ ಅಂತ ತಿಳಿಯುವುದು ಹೇಗೆ?

ಪ್ರಶ್ನೆ (ಸರ್ಜಾಪುರ ರಸ್ತೆ, ಬೆಂಗಳೂರು): ನಮ್ಮ ಬಾಡಿಗೆ ಮನೆಯ ಪಕ್ಕದ ತೋಪು ಕಡಿದು ದೊಡ್ಡ ಅಪಾರ್ಟ್‌ಮೆಂಟ್ ಕೆಲಸ ಶುರು ಮಾಡಿದ್ದಾರೆ. ಬೆಳಗಾದರೆ ಜೆಸಿಬಿ, ಟಿಪ್ಪರ್. ಒಂದನೇ ಕ್ಲಾಸಿನ ಮಗಳಿಗೆ ಮೊದಲೇ ವೀಸಿಂಗ್. ಮೊಬೈಲಿನಲ್ಲಿ ಎಕ್ಯೂಐ (ಗಾಳಿ ಎಷ್ಟು ಕೆಟ್ಟಿದೆ ಅಂತ ಹೇಳುವ ಅಂಕಿ) ನೋಡಿದರೆ ಪರವಾಗಿಲ್ಲ ಅಂತಲೇ ತೋರಿಸುತ್ತದೆ. ಮನೆ ಬಿಡುವಷ್ಟು ಅಪಾಯವಾ, ಸುಮ್ನೆ ಗಾಬರಿಯಾ? ಅನುಭವ ಇದ್ದವರು ಹೇಳಿ.

ಉತ್ತರ 1 (ಇಂಥದೇ ಸೈಟಿನ ಪಕ್ಕ ಇದ್ದವರು): ಮೊದಲು ಆ ಎಕ್ಯೂಐ ಪಕ್ಕಕ್ಕಿಡಿ. ಸಿಲ್ಕ್ ಬೋರ್ಡಿನಲ್ಲೋ ಹೆಬ್ಬಾಳದಲ್ಲೋ ಇರುವ ಗಾಳಿ ಅಳೆಯುವ ಯಂತ್ರಕ್ಕೆ ನಿಮ್ಮ ಕಾಂಪೌಂಡಿನ ಆಚೆ ನಡೆಯುವುದು ಎಲ್ಲಿ ಗೊತ್ತಾಗಬೇಕು? ಅದೂ 24 ಗಂಟೆಯ ಸರಾಸರಿ ಬೇರೆ. ಮಧ್ಯಾಹ್ನ ಎದ್ದ ಧೂಳು ರಾತ್ರಿಯ ಲೆಕ್ಕದಲ್ಲಿ ಮುಳುಗಿಹೋಗುತ್ತದೆ.

ನಾವು ಧೂಳು ಅಳೆಯುವ ಚಿಕ್ಕ ಮೀಟರ್ ಒಂದು ತಂದಿದ್ದೆವು. ಅಗ್ಗದ ಲೇಸರ್ ಮೀಟರುಗಳು ತೀರಾ ಸಣ್ಣ ಕಣಗಳಿಗೆ, ಅಂದರೆ ಪಿಎಂ 2.5ಕ್ಕೆ, ತಕ್ಕಮಟ್ಟಿಗೆ ಸರಿ. ಮಣ್ಣಿನ ದಪ್ಪ ಧೂಳು, ಅಂದರೆ ಪಿಎಂ 10, ಬಂದರೆ ಕಡಿಮೆ ತೋರಿಸುತ್ತವೆ. ಮಂಜು ಬಿದ್ದ ಬೆಳಗ್ಗೆ ಜಾಸ್ತಿ ತೋರಿಸುತ್ತವೆ. ಹಾಗಾಗಿ ಒಂದು ಸಂಖ್ಯೆ ನೋಡಿ ಹೆದರಬೇಡಿ. ಕೆಲಸ ನಡೆಯುವ ದಿನ ಮತ್ತು ಕೆಲಸ ನಿಂತ ದಿನ, ಅದೇ ಕಿಟಕಿ, ಅದೇ ಹೊತ್ತು, ಎರಡನ್ನೂ ಬರೆದಿಡಿ. ಆ ವ್ಯತ್ಯಾಸವೇ ಹೆಚ್ಚುಕಡಿಮೆ ಸೈಟಿನ ಪಾಲು. ನಮ್ಮ ದೇಶದ 24 ಗಂಟೆಯ ಮಿತಿ ಘನ ಮೀಟರಿಗೆ ಪಿಎಂ 2.5ಕ್ಕೆ 60 ಮೈಕ್ರೋಗ್ರಾಂ, ಪಿಎಂ 10ಕ್ಕೆ 100. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15 ಮತ್ತು 45. ವೀಸಿಂಗ್ ಇರುವ ಮಗುವಿಗೆ ನಾನಾದರೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯನ್ನೇ ನೋಡುತ್ತೇನೆ.

ಕಿಟಕಿ ಒರೆಸಿದ ಬಟ್ಟೆಯನ್ನೂ ನೋಡಿ. ಕೆಂಪಗಿದ್ದರೆ ಅಗೆತದ ಮಣ್ಣು. ಇದರಲ್ಲಿ ಬಹುಪಾಲು ಮೂಗು, ಗಂಟಲಲ್ಲೇ ನಿಲ್ಲುತ್ತದೆ, ಆದರೂ ಕೆಮ್ಮು ಎಬ್ಬಿಸಲು ಅಷ್ಟು ಸಾಕು. ಬೂದು ಬಿಳಿ ಪುಡಿ ಇದ್ದರೆ ಕಾಂಕ್ರೀಟ್, ಗ್ರಾನೈಟ್, ಟೈಲ್ಸ್ ಕತ್ತರಿಸಿದ್ದು. ಅದರಲ್ಲಿ ಸಿಲಿಕಾ (ಕಲ್ಲು, ಮರಳಿನಲ್ಲಿರುವ ಖನಿಜ) ಇರುತ್ತದೆ, ಅದರ ಸಣ್ಣ ಕಣ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. (ಇದನ್ನು ದಿನವಿಡೀ ಕುಡಿಯುವವರು ಅಲ್ಲಿ ಕೆಲಸ ಮಾಡುವ ಕೂಲಿಯವರು. ಅವರ ಬಗ್ಗೆ ಯಾರೂ ಕೇಳುವುದೇ ಇಲ್ಲ.) ಕಪ್ಪು ಮಸಿ ಅಂದರೆ ಡೀಸೆಲ್ ಜನರೇಟರ್, ಟಿಪ್ಪರ್ ಹೊಗೆ.

ಇನ್ನು ಗಾಳಿ. ಬೆಂಗಳೂರಿನಲ್ಲಿ ಮಳೆಗಾಲದ ಗಾಳಿ ಪಶ್ಚಿಮದಿಂದ, ಚಳಿಗಾಲದ್ದು ಪೂರ್ವದಿಂದ. ನಿಮ್ಮ ಮನೆ ಸೈಟಿನ ಪೂರ್ವಕ್ಕಿದ್ದರೆ ಸ್ವಲ್ಪ ಬಚಾವ್. ಗಾಳಿ ನಿಮ್ಮ ಕಡೆ ಬೀಸುವ ಹೊತ್ತಿಗೆ ಮಳೆ ನೆಲ ಒದ್ದೆ ಮಾಡಿರುತ್ತದೆ. ಪಶ್ಚಿಮಕ್ಕಿದ್ದರೆ ಡಿಸೆಂಬರ್, ಜನವರಿಯ ಒಣ ಧೂಳು ನೇರ ಮನೆಗೇ.

ಉತ್ತರ 2 (ವೀಸಿಂಗ್ ಇರುವ ಹುಡುಗನ ಅಮ್ಮ): ಮೀಟರಿಗಿಂತ ಮಗುವನ್ನು ಅಳೆಯಿರಿ ಅಕ್ಕ. ಮೆಡಿಕಲ್ ಶಾಪಿನಲ್ಲಿ ಪೀಕ್ ಫ್ಲೋ ಮೀಟರ್ (ಉಸಿರು ಎಷ್ಟು ಜೋರಾಗಿ ಊದಬಲ್ಲರು ಅಂತ ಅಳೆಯುವ ಸಣ್ಣ ಕೊಳವೆ) ಸಿಗುತ್ತದೆ. ಕಲಿಸಿಕೊಟ್ಟರೆ ಈ ವಯಸ್ಸಿನ ಮಕ್ಕಳು ಊದುತ್ತಾರೆ. ಬೆಳಗ್ಗೆ, ಸಂಜೆ ಮೂರು ಸಲ ಊದಿಸಿ, ಜಾಸ್ತಿ ಬಂದದ್ದನ್ನು ಬರೆಯಿರಿ. ರಾತ್ರಿ ಕೆಮ್ಮಿದಳಾ, ಪಫ್ ಎಷ್ಟು ಸಲ ಬೇಕಾಯಿತು, ಅದೂ ಇರಲಿ. ಆ ಪುಸ್ತಕ ನೋಡಿದ ಮೇಲೆಯೇ ನಮ್ಮ ಡಾಕ್ಟರ್ ಇನ್‌ಹೇಲರ್ ಬದಲಿಸಿದ್ದು. ಕೆಲಸದ ದಿನಗಳಲ್ಲೇ ಅಂಕಿ ಇಳಿಯುತ್ತಿದ್ದರೆ ಅಗೆತ ಮುಗಿಯುವವರೆಗೆ ಅಜ್ಜಿ ಮನೆಗೆ ಕಳಿಸಿ. ಮನೆಯಲ್ಲಿ ಪೊರಕೆ ಬೇಡ, ಒದ್ದೆ ಬಟ್ಟೆಯಲ್ಲೇ ಒರೆಸಿ.

ಉತ್ತರ 3 (ಸೈಟ್ ಇಂಜಿನಿಯರ್): ಮೇಲಿನವರು ಹೇಳಿದ್ದು ಸರಿ. ನಾನು ಕಾಗದದ ಕಡೆಯಿಂದ ಹೇಳುತ್ತೇನೆ. ಕಟ್ಟಡ ಎಲ್ಲ ಮಹಡಿ ಸೇರಿ 20,000 ಚದರ ಮೀಟರ್ ಅಥವಾ ಜಾಸ್ತಿ ಇದ್ದರೆ ಕೇಂದ್ರ ಸರ್ಕಾರದ 2006ರ ಅಧಿಸೂಚನೆ ಪ್ರಕಾರ ಪರಿಸರ ಅನುಮತಿ ಬೇಕೇ ಬೇಕು. ಪರಿವೇಶ್ ಪೋರ್ಟಲಿನಲ್ಲಿ (ಈ ಅನುಮತಿಗಳ ಸರ್ಕಾರಿ ವೆಬ್‌ಸೈಟ್) ಪ್ರಾಜೆಕ್ಟ್ ಹೆಸರು ಹಾಕಿ ಹುಡುಕಿ. ಅನುಮತಿ ಪತ್ರ, ಷರತ್ತುಗಳು, ಆರು ತಿಂಗಳಿಗೊಮ್ಮೆ ಕೊಡಬೇಕಾದ ವರದಿ ನೋಡಿ. ಕೆಲಸಕ್ಕೆ ಮುಂಚೆ ಅಲ್ಲಿನ ಗಾಳಿ ಹೇಗಿತ್ತು ಅಂತ ಅಳೆದದ್ದು ಸಿಕ್ಕರೆ ಹೋಲಿಸಲು ಬಹಳ ಅನುಕೂಲ.

ಕಟ್ಟಡ ಕೆಲಸದ ಧೂಳು ತಡೆಯಲು ಕೇಂದ್ರ 2018ರಲ್ಲಿ ತಂದ ನಿಯಮದಲ್ಲಿ ಸ್ಪಷ್ಟವಾಗಿದೆ: ಗಾಳಿ ತಡೆಯುವ ಮರೆ ಕಟ್ಟಡದ ಎತ್ತರದ ಮೂರನೇ ಒಂದು ಭಾಗ, ಗರಿಷ್ಠ 10 ಮೀಟರ್. ಸಡಿಲ ಮಣ್ಣು, ಮರಳು ಮುಚ್ಚಿರಬೇಕು. ನೀರು ಹೊಡೆಯಬೇಕು. ಬಯಲಲ್ಲಿ ಕಟಿಂಗ್, ಗ್ರೈಂಡಿಂಗ್ ಮಾಡುವಂತಿಲ್ಲ. ತೆಗೆದುಕೊಂಡ ಕ್ರಮಗಳ ಬೋರ್ಡ್ ಜನರಿಗೆ ಕಾಣುವಂತೆ ಹಾಕಿರಬೇಕು. ಬಹಳ ಕಡೆ ಒಂದು ಹಸಿರು ನೆಟ್ ಕಟ್ಟಿ ಕೈ ತೊಳೆದುಕೊಳ್ಳುತ್ತಾರೆ, ನಾನೇ ನೋಡಿದ್ದೇನೆ. ಸುಮ್ನೆ "ಧೂಳು ಬರುತ್ತಿದೆ" ಅಂತ ದೂರು ಕೊಟ್ಟರೆ ಫೈಲಿನಲ್ಲೇ ಉಳಿಯುತ್ತದೆ. ಯಾವ ನಿಯಮ ಮುರಿದಿದ್ದಾರೆ, ಯಾವ ದಿನ, ಎಷ್ಟು ಹೊತ್ತಿಗೆ, ಫೋಟೋ ಸಮೇತ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಮಗಳ ಪೀಕ್ ಫ್ಲೋ ಪುಸ್ತಕದ ಪ್ರತಿಯನ್ನೂ ಜೊತೆಗಿಡಿ.